ಸ್ಯಾಲರಿ ಸ್ಯಾಕ್ರಿಫೈಸ್ ಮಾಡಿದರೆ ಚೈಲ್ಡ್ ಬೆನಿಫಿಟ್ ವಾಪಸ್ ಕಟ್ಟೋದು ತಪ್ಪುತ್ತಾ?

ತಿಪಟೂರು_ತೆಂಗು (ಫೆಬ್ರವರಿ 24, 2026)

ಯುಕೆಯಲ್ಲಿರುವ ಕನ್ನಡದವರಿಗೆಲ್ಲ ನಮಸ್ಕಾರ. ರೆಡಿಂಗ್‌ನಲ್ಲಿದ್ದೇನೆ, ಹೋದ ವರ್ಷ ಸಿಟಿಜನ್‌ಶಿಪ್ ಬಂತು, ಇಬ್ಬರು ಮಕ್ಕಳು. ಚೈಲ್ಡ್ ಬೆನಿಫಿಟ್ (ಮಕ್ಕಳಿಗಾಗಿ ಇಲ್ಲಿನ ಸರ್ಕಾರ ಕೊಡುವ ದುಡ್ಡು) ಹೆಂಡತಿ ಹೆಸರಿಗೆ ಬರುತ್ತಿದೆ. ಅವಳ ಸಂಬಳ 31,000 ಪೌಂಡ್. ನನ್ನದು 66,000. ಅದರಲ್ಲಿ 5 ಪರ್ಸೆಂಟ್, ಅಂದರೆ 3,300, ಸ್ಯಾಲರಿ ಸ್ಯಾಕ್ರಿಫೈಸ್‌ನಲ್ಲಿ (ಸಂಬಳದ ಒಂದು ಪಾಲು ಬಿಟ್ಟುಕೊಟ್ಟು) ಪೆನ್ಷನ್‌ಗೆ ಹೋಗುತ್ತದೆ. ಮಾರ್ಚ್‌ನಲ್ಲಿ 5,000 ಬೋನಸ್ ಬರುವುದಿದೆ.

60,000 ದಾಟಿದರೆ ಚೈಲ್ಡ್ ಬೆನಿಫಿಟ್ ಸ್ವಲ್ಪ ಸ್ವಲ್ಪ ವಾಪಸ್ ಕಟ್ಟಬೇಕು ಅಂತ ಗೊತ್ತು. ನನ್ನ ಲೆಕ್ಕ ಹೀಗಿದೆ. ಪಿ60ಯಲ್ಲಿ (ವರ್ಷದ ಸಂಬಳ, ಟ್ಯಾಕ್ಸ್ ತೋರಿಸಿ ಕಂಪನಿ ಕೊಡುವ ಪತ್ರ) 67,700 ಅಂತ ಬರುತ್ತದೆ. ಅದರಲ್ಲಿ ಪೆನ್ಷನ್ 3,300 ಕಳೆದರೆ 64,400. ಅಂದರೆ 22 ಪರ್ಸೆಂಟ್, ಸುಮಾರು 495 ಪೌಂಡ್ ಕಟ್ಟಬೇಕು. ಸರಿ ಇದೆಯಾ? ಇನ್ನೂ ಜಾಸ್ತಿ ಸ್ಯಾಕ್ರಿಫೈಸ್ ಮಾಡಿದರೆ ಪೂರ್ತಿ ತಪ್ಪುತ್ತಾ?

ಅಂದಹಾಗೆ ಇದನ್ನು ಫೋನಿನಲ್ಲಿ ಅಮ್ಮನಿಗೆ ಹೇಳಿದೆ. "ಸಂಬಳ ಯಾಕೋ ಬಿಟ್ಟುಕೊಡ್ತಿದ್ದೀಯಾ, ಕೆಲಸಕ್ಕೇನಾದ್ರೂ ತೊಂದರೆನಾ?" ಅಂದರು. ಅರ್ಧ ಗಂಟೆ ಬೇಕಾಯಿತು ಸಮಾಧಾನ ಮಾಡೋಕೆ.

ಕಾಫಿಪುಡಿ

ಹ್ಞೂಂ, ತಪ್ಪುತ್ತದೆ. ನಾನು ಎರಡು ವರ್ಷದಿಂದ ಮಾಡುತ್ತಿದ್ದೇನೆ. ಸುಮ್ನೆ ಪರ್ಸೆಂಟ್ ಏರಿಸಿ, ಮುಗೀತು.

ಲೆಕ್ಕದ_ಮೇಷ್ಟ್ರು

ಮುಗಿಯಲಿಲ್ಲ. ತೆಂಗು ಅವರೇ, 3,300 ಅನ್ನು ನೀವು ಎರಡು ಸಲ ಕಳೆದಿದ್ದೀರಿ. ಸ್ಯಾಲರಿ ಸ್ಯಾಕ್ರಿಫೈಸ್ ಅಂದರೆ ಆ ದುಡ್ಡು ನಿಮ್ಮ ಸಂಬಳವೇ ಅಲ್ಲ ಅಂತ ಕಂಪನಿ ಜೊತೆ ಒಪ್ಪಂದ. 66,000 ಹೋಗಿ ಸಂಬಳ 62,700 ಆಗಿದೆ. ಬೋನಸ್ ಸೇರಿ 67,700. ಪಿ60ಗೆ ಬರುವ ಹೊತ್ತಿಗೆ ಪೆನ್ಷನ್ ದುಡ್ಡು ಆಗಲೇ ಹೊರಗೆ ಹೋಗಿರುತ್ತದೆ. ಮತ್ತೆ ಕಳೆಯುವ ಹಾಗಿಲ್ಲ.

ಎರಡನೆಯದು, ಇಲ್ಲಿ ನೋಡುವುದು ಸಂಬಳವನ್ನಷ್ಟೇ ಅಲ್ಲ, ಅಡ್ಜಸ್ಟೆಡ್ ನೆಟ್ ಇನ್‌ಕಮ್ ಅನ್ನು. ಸಂಬಳ, ಬ್ಯಾಂಕ್ ಬಡ್ಡಿ, ಬಾಡಿಗೆ, ಡಿವಿಡೆಂಡ್, ಕಂಪನಿ ಕೊಡುವ ಹೆಲ್ತ್ ಇನ್ಶೂರೆನ್ಸ್, ಎಲ್ಲ ಸೇರುತ್ತದೆ. ಐಸಾ, ಅಂದರೆ ಟ್ಯಾಕ್ಸ್ ಇಲ್ಲದ ಉಳಿತಾಯ ಖಾತೆ, ಅದರ ಬಡ್ಡಿ ಸೇರುವುದಿಲ್ಲ. ನಿಮಗೆ ಬೇರೆ ಏನೇನಿದೆ, ಮುಚ್ಚುಮರೆ ಇಲ್ಲದೆ ಹೇಳಿ.

ತಿಪಟೂರು_ತೆಂಗು

ಅಯ್ಯೋ. ಹೆಲ್ತ್ ಇನ್ಶೂರೆನ್ಸ್ ಇದೆ, ಪಿ11ಡಿಯಲ್ಲಿ (ಕಂಪನಿ ಕೊಡುವ ಸೌಲಭ್ಯಗಳ ಪತ್ರ) 1,400 ಬರುತ್ತದೆ. ಇಲ್ಲಿನ ಸೇವಿಂಗ್ಸ್ ಬಡ್ಡಿ 200. ಊರಲ್ಲಿ 12 ಲಕ್ಷದ ಎನ್‌ಆರ್‌ಇ (ಹೊರದೇಶದಲ್ಲಿರುವ ಭಾರತೀಯರ ಖಾತೆ) ಎಫ್‌ಡಿ ಇದೆ. ಆದರೆ ಅದು ಟ್ಯಾಕ್ಸ್ ಫ್ರೀ ಅಲ್ವಾ?

ಲೆಕ್ಕದ_ಮೇಷ್ಟ್ರು

ಅಲ್ಲಿ ಟ್ಯಾಕ್ಸ್ ಫ್ರೀ. ಇಲ್ಲಿ ಅಲ್ಲ. ನೀವು ಈಗ ಯುಕೆ ರೆಸಿಡೆಂಟ್. ಲೋಕದಲ್ಲಿ ಎಲ್ಲಿ ಬಡ್ಡಿ ಬಂದರೂ ಇಲ್ಲಿ ತೋರಿಸಬೇಕು. ಬಂದು ನಾಲ್ಕು ವರ್ಷದೊಳಗಿನ ಹೊಸಬರಿಗೆ ಬೇರೆ ವ್ಯವಸ್ಥೆ ಇದೆ, ನಿಮಗೆ ಅದು ದಾಟಿಹೋಗಿದೆ. 7 ಪರ್ಸೆಂಟ್ ಬಡ್ಡಿ ಅಂದುಕೊಂಡರೆ 84,000 ರೂಪಾಯಿ, ಸುಮಾರು 700 ಪೌಂಡ್.

ಈಗ ಕೂಡಿಸಿ. 67,700, 1,400, 200, 700. ಸರಿಯಾಗಿ 70,000. ಮಿತಿಗಿಂತ 10,000 ಜಾಸ್ತಿ. ಪ್ರತಿ 200 ಪೌಂಡ್‌ಗೆ 1 ಪರ್ಸೆಂಟ್, ಅಂದರೆ 50 ಪರ್ಸೆಂಟ್. 2025-26ರ ದರ ವಾರಕ್ಕೆ ಮೊದಲ ಮಗುವಿಗೆ 26.05, ಎರಡನೆಯದಕ್ಕೆ 17.25. ವರ್ಷಕ್ಕೆ 2,251. ಅದರಲ್ಲಿ ಅರ್ಧ 1,125. ನೀವು ಅಂದುಕೊಂಡಿದ್ದು 495.

ತಿಪಟೂರು_ತೆಂಗು

ಕೇಳಿದ್ದೇ ತಪ್ಪಾಯಿತೇನೋ.

ಸ್ಲೌ_ಶೆಟ್ರು

ಎನ್‌ಆರ್‌ಇ ಬಡ್ಡಿಯನ್ನೆಲ್ಲ ಯಾರು ಹೇಳ್ತಾರೆ ಮಾರಾಯ್ರೆ. ಅವರಿಗೆ ಹೇಗೆ ಗೊತ್ತಾಗ್ತದೆ?

ಪುತ್ತೂರು_ಅಕ್ಕ

ಶೆಟ್ರೇ, ಗೊತ್ತಾಗ್ತದೆ. ಎರಡು ದೇಶದವರೂ ಬ್ಯಾಂಕ್ ಖಾತೆಯ ವಿವರ ತಾವಾಗಿಯೇ ಹಂಚಿಕೊಳ್ತಾರೆ. ಎಫ್‌ಡಿ ಫಾರ್ಮ್‌ನಲ್ಲಿ ಯಾವ ದೇಶದ ಟ್ಯಾಕ್ಸ್ ರೆಸಿಡೆಂಟ್ ಅಂತ ಬರೆದು ಸಹಿ ಹಾಕಿದ್ದು ನೆನಪಿದೆಯಾ? ಅದು ಅದಕ್ಕೇ. ನಮ್ಮ ಮನೆಗೆ ಕಾಗದ ಬಂದಿತ್ತು. "ನಿಮಗೆ ವಿದೇಶದ ಆದಾಯ ಇರಬಹುದು, ಪರಿಶೀಲಿಸಿ" ಅಂತ ಬಹಳ ಮರ್ಯಾದೆಯಿಂದ ಬರೆದಿದ್ದರು. ಆ ಮರ್ಯಾದೆ ನೋಡಿಯೇ ನನ್ನ ಗಂಡನಿಗೆ ಎರಡು ದಿನ ನಿದ್ದೆ ಬರಲಿಲ್ಲ.

ಸ್ಲೌ_ಶೆಟ್ರು

ಸರಿ ಅಕ್ಕ. ಇವತ್ತೇ ಸ್ಟೇಟ್‌ಮೆಂಟ್ ತೆಗೀತೇನೆ.

ಹುಬ್ಬಳ್ಳಿ_ಮಂದಿ

ಒಂದು ಮಾತು ಕೇಳ್ತೀನ್ರಿ. ಇಬ್ಬರೂ ದುಡಿಯವ್ರು, ತಲಾ 60,000, ಮನೀಗೆ 1,20,000 ಬರ್ತದ. ಅವ್ರು ಒಂದು ಪೆನ್ನಿನೂ ವಾಪಸ್ ಕೊಡಂಗಿಲ್ಲ. ನಮ್ಮನ್ಯಾಗ ನಾ ಒಬ್ಬನ ದುಡಿಯವ, 80,000 ಅಂದ್ರ ಪೂರಾ ಹೋತು. ಇದು ಯಾವ ನ್ಯಾಯ?

ಕಾಫಿಪುಡಿ

ನ್ಯಾಯ ಏನೂ ಅಲ್ಲ. 2013ರ ಜನವರಿಯಲ್ಲಿ ಶುರುವಾದಾಗಿಂದ ಹೀಗೇ ಇದೆ. ಆಗ 50,000ಕ್ಕೆ ಶುರು, 60,000ಕ್ಕೆ ಪೂರ್ತಿ ಖಾಲಿ. ಹನ್ನೊಂದು ವರ್ಷ ಅದನ್ನು ಮುಟ್ಟಲೇ ಇಲ್ಲ. 2024ರ ಏಪ್ರಿಲ್‌ನಲ್ಲಿ 60,000ದಿಂದ 80,000 ಮಾಡಿದರು. ಮನೆಯ ಒಟ್ಟು ಆದಾಯ ನೋಡುತ್ತೇವೆ ಅಂತ ಹಿಂದಿನ ಸರ್ಕಾರ ಹೇಳಿತ್ತು. ಈಗಿನವರು ಅಕ್ಟೋಬರ್ 2024ರ ಬಜೆಟ್‌ನಲ್ಲಿ ಅದನ್ನು ಕೈಬಿಟ್ಟರು.

ಮಿಡ್‌ಲ್ಯಾಂಡ್ಸ್_ಮಲ್ಲಿಗೆ

ಮನೆಯ ಆದಾಯ ನೋಡಿದರೆ ನಮ್ಮಂಥ ಇಬ್ಬರೂ ದುಡಿಯುವವರಿಗೆ ಪೆಟ್ಟು. ನಾವು ನರ್ಸರಿಗೆ ತಿಂಗಳಿಗೆ ಎಷ್ಟು ಸುರಿಯುತ್ತೇವೆ ಗೊತ್ತಾ? ಮನೆಯಲ್ಲಿ ಒಬ್ಬರಿದ್ದರೆ ಆ ಖರ್ಚಿಲ್ಲ. ಎಲ್ಲರಿಗೂ ಅವರವರ ಕಷ್ಟ.

ಹುಬ್ಬಳ್ಳಿ_ಮಂದಿ

ಅಕ್ಕಾರ, ಮನ್ಯಾಗ ಇದ್ದಾಕಿ ಪುಕ್ಕಟೆ ಕೂತಿಲ್ರಿ. ಮೂರು ಮಕ್ಳ ಅದಾವ. ನೀವೊಂದು ದಿನ ಬಂದು ನೋಡ್ರಿ.

ಮಿಡ್‌ಲ್ಯಾಂಡ್ಸ್_ಮಲ್ಲಿಗೆ

ಪುಕ್ಕಟೆ ಅಂತ ನಾನು ಹೇಳಲಿಲ್ಲ ಅಣ್ಣ. ಊಟಕ್ಕೆ ಕರೆದರೆ ಬರ್ತೀನಿ, ಜೋಳದ ರೊಟ್ಟಿ ಇರಬೇಕು.

ಸ್ಲೌ_ಶೆಟ್ರು

ಮೂರನೇ ಮಗುವಿಗೆ ಚೈಲ್ಡ್ ಬೆನಿಫಿಟ್ ಸಿಗೋದಿಲ್ಲ ಅಲ್ವಾ?

ಲೆಕ್ಕದ_ಮೇಷ್ಟ್ರು

ಸಿಗುತ್ತದೆ. ಎರಡು ಮಕ್ಕಳ ಮಿತಿ ಇದ್ದದ್ದು ಯೂನಿವರ್ಸಲ್ ಕ್ರೆಡಿಟ್‌ಗೆ, ಅಂದರೆ ಕಡಿಮೆ ಆದಾಯದವರ ನೆರವಿಗೆ. ಚೈಲ್ಡ್ ಬೆನಿಫಿಟ್‌ಗೆ ಅದು ಯಾವತ್ತೂ ಇರಲಿಲ್ಲ.

ಹುಬ್ಬಳ್ಳಿಯವರಿಗೆ ಮೂರು ಮಕ್ಕಳು ಅಂದರೆ 2025-26ರ ದರದಲ್ಲಿ ವರ್ಷಕ್ಕೆ 3,148. 60,000ಕ್ಕೂ 80,000ಕ್ಕೂ ನಡುವೆ ನೀವು ದುಡಿಯುವ ಪ್ರತಿ 100 ಪೌಂಡ್‌ನಲ್ಲಿ 40 ಟ್ಯಾಕ್ಸ್, 2 ನ್ಯಾಷನಲ್ ಇನ್ಶೂರೆನ್ಸ್ (ಸ್ಟೇಟ್ ಪೆನ್ಷನ್ ಮುಂತಾದವಕ್ಕೆ ಸಂಬಳದಿಂದ ಕಟ್ಟುವುದು), ಹತ್ತಿರ ಹತ್ತಿರ 16 ಚೈಲ್ಡ್ ಬೆನಿಫಿಟ್ ವಾಪಸ್ ಕಟ್ಟುವ ಈ ಚಾರ್ಜ್. ಕೈಗೆ 42. ಅದಕ್ಕೇ ಈ ಆದಾಯದ ಹಂತದಲ್ಲಿರುವವರಿಗೆ ಪೆನ್ಷನ್ ಲಾಭ ಅನ್ನುವುದು. ಪೆನ್ಷನ್‌ಗೆ 100 ಹಾಕಿದರೆ ನಿಮ್ಮ ಜೇಬಿನಿಂದ ನಿಜಕ್ಕೂ ಹೋಗುವುದು 42.

ಎಡಿನ್‌ಬರೋ_ಚಳಿ

ಸ್ಕಾಟ್ಲೆಂಡ್ ಮರೆತುಬಿಟ್ಟಿರಿ. ನಮಗೆ 40 ಅಲ್ಲ, 42. ಅದೂ 50,270ಕ್ಕಲ್ಲ, 43,662 ದಾಟಿದ ಕೂಡಲೇ. 75,000 ದಾಟಿದರೆ 45. ಚೈಲ್ಡ್ ಬೆನಿಫಿಟ್ ಚಾರ್ಜ್ ಮಾತ್ರ ಎಲ್ಲರಿಗೂ ಒಂದೇ. ಚಳಿ ಬೇರೆ.

ಥಿಯೇಟರ್_ಸಿಸ್ಟರ್

ನಾನು ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆಸ್ಪತ್ರೆ) ನರ್ಸ್. ಪೇಸ್ಲಿಪ್‌ನಲ್ಲಿ ಪೆನ್ಷನ್ ಅಂತ ಕಡಿತ ಇರುತ್ತದೆ. ಅದೂ ಸ್ಯಾಲರಿ ಸ್ಯಾಕ್ರಿಫೈಸಾ? ಓವರ್‌ಟೈಮ್ ಸೇರಿ ಈ ವರ್ಷ 60,000 ಮುಟ್ಟುವ ಹಾಗಿದೆ.

ಲೆಕ್ಕದ_ಮೇಷ್ಟ್ರು

ಅಲ್ಲ ಸಿಸ್ಟರ್. ಅದನ್ನು ನೆಟ್ ಪೇ ಅನ್ನುತ್ತಾರೆ. ಟ್ಯಾಕ್ಸ್ ಹಾಕುವ ಮುಂಚೆಯೇ ಕಡಿತ ಆಗುತ್ತದೆ, ಆದರೆ ನ್ಯಾಷನಲ್ ಇನ್ಶೂರೆನ್ಸ್ ಉಳಿಯುವುದಿಲ್ಲ. ನಿಮಗೂ ಪಿ60ಯ ಅಂಕಿಯಲ್ಲಿ ಪೆನ್ಷನ್ ಆಗಲೇ ಕಳೆದಿರುತ್ತದೆ. ಒಟ್ಟು ಸಂಬಳ 60,000 ಆದರೆ ಪೆನ್ಷನ್ ಕಳೆದ ಮೇಲೆ ಮಿತಿಯಿಂದ ದೂರವೇ ಇರುತ್ತೀರಿ. ಬೇರೆ ಆದಾಯ ಇಲ್ಲದಿದ್ದರೆ ನೆಮ್ಮದಿಯಾಗಿ ಮಲಗಿ.

ಮೂರನೇ ಬಗೆ ಇನ್ನೊಂದಿದೆ. ನಿಮ್ಮ ಬ್ಯಾಂಕ್ ಖಾತೆಯಿಂದ ನೀವೇ ಸ್ವಂತ ಪೆನ್ಷನ್‌ಗೆ, ಅಂದರೆ ಸಿಪ್‌ಗೆ, ಹಾಕುವುದು. 80 ಹಾಕಿದರೆ ಸರ್ಕಾರ 20 ಸೇರಿಸಿ 100 ಮಾಡುತ್ತದೆ. ಇಲ್ಲಿ ಮಾತ್ರ ಆ 100 ಅನ್ನು ನಿಮ್ಮ ಆದಾಯದಿಂದ ನೀವೇ ಕಳೆಯಬೇಕು. ಪಿ60ಗೆ ಇದು ಗೊತ್ತೇ ಇರುವುದಿಲ್ಲ. ಜನ 80 ಕಳೆದು ಸುಮ್ಮನಾಗುತ್ತಾರೆ. ಮರೆತೇಬಿಡುವವರೂ ಇದ್ದಾರೆ.

ಥಿಯೇಟರ್_ಸಿಸ್ಟರ್

ತುಂಬಾ ಥ್ಯಾಂಕ್ಸ್ ಸರ್. ನೈಟ್ ಡ್ಯೂಟಿ ಮುಗಿಸಿ ಬಂದಿದ್ದೇನೆ, ಮಲಗೋಕೇ ಹೊರಟಿದ್ದೆ.

ಹೊಸಬ_2025

ನಾನು ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಬಂದು ಒಂದು ವರ್ಷ. ಮಗಳಿಗೆ 4. ಚೈಲ್ಡ್ ಬೆನಿಫಿಟ್ ಅಪ್ಲೈ ಮಾಡಲಾ? ಆಫೀಸಿನಲ್ಲಿ ಒಬ್ಬ ತಗೊಳ್ತಿದ್ದೇನೆ ಅಂದ.

ಪುತ್ತೂರು_ಅಕ್ಕ

ಬೇಡ ತಮ್ಮ, ಬೇಡ. ನಿನ್ನ ವೀಸಾ ಷರತ್ತು ತೆಗೆದು ಓದು. ಪಬ್ಲಿಕ್ ಫಂಡ್ಸ್, ಅಂದರೆ ಸರ್ಕಾರದ ನೆರವಿನ ದುಡ್ಡು, ಇಲ್ಲ ಅಂತ ಇರ್ತದೆ. ಚೈಲ್ಡ್ ಬೆನಿಫಿಟ್ ಆ ಪಬ್ಲಿಕ್ ಫಂಡ್ಸ್ ಪಟ್ಟಿಯಲ್ಲೇ ಇದೆ. ತಗೊಂಡರೆ ಮುಂದೆ ಐಎಲ್‌ಆರ್ (ಇಲ್ಲೇ ಕಾಯಂ ಇರುವ ಅನುಮತಿ) ಅರ್ಜಿಗೆ ಕುತ್ತು. ಅವನ ಹೆಂಡತಿ ಬ್ರಿಟಿಷ್ ಇರಬಹುದು ಅಥವಾ ಐಎಲ್‌ಆರ್ ಇರಬಹುದು. ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಆ ಷರತ್ತು ಇಲ್ಲದಿದ್ದರೆ ಅವರ ಹೆಸರಲ್ಲಿ ಕ್ಲೇಮ್ ಮಾಡಬಹುದು.

ಹೊಸಬ_2025

ಸರಿ ಅಕ್ಕ. ಅಪ್ಲಿಕೇಶನ್ ಅರ್ಧ ತುಂಬಿಸಿ ಇಟ್ಟಿದ್ದೆ.

ಪುತ್ತೂರು_ಅಕ್ಕ

ಅರ್ಧಕ್ಕೇ ಕೇಳಿದೆಯಲ್ಲ, ಪುಣ್ಯ.

ಕಾಫಿಪುಡಿ

2029ರಿಂದ ಸ್ಯಾಲರಿ ಸ್ಯಾಕ್ರಿಫೈಸೇ ಇರಲ್ಲ ಅಂತ ಹೋದ ನವೆಂಬರ್ ಬಜೆಟ್‌ನಲ್ಲಿ ಹೇಳಿದರಲ್ಲ. ಇದನ್ನೆಲ್ಲ ಈಗ ಕಲಿತು ಏನು ಉಪಯೋಗ?

ಲೆಕ್ಕದ_ಮೇಷ್ಟ್ರು

ಹೆಡ್‌ಲೈನ್ ಓದಿದ್ದೀರಿ, ಸುದ್ದಿ ಓದಿಲ್ಲ. ಏಪ್ರಿಲ್ 2029ರಿಂದ ವರ್ಷಕ್ಕೆ 2,000 ಪೌಂಡ್ ದಾಟಿದ ಸ್ಯಾಕ್ರಿಫೈಸ್‌ಗೆ ನ್ಯಾಷನಲ್ ಇನ್ಶೂರೆನ್ಸ್ ಬೀಳುತ್ತದೆ, ಅಷ್ಟೇ. ಇನ್‌ಕಮ್ ಟ್ಯಾಕ್ಸ್ ಉಳಿತಾಯ ಹಾಗೇ ಇರುತ್ತದೆ. ಚೈಲ್ಡ್ ಬೆನಿಫಿಟ್ ಲೆಕ್ಕಕ್ಕೂ ತೊಂದರೆ ಇಲ್ಲ. 60,000ದ ಮೇಲಿನವರು ನ್ಯಾಷನಲ್ ಇನ್ಶೂರೆನ್ಸ್‌ನ 2 ಪರ್ಸೆಂಟ್ ಹಂತದಲ್ಲಿರುತ್ತಾರೆ. 8,000 ಸ್ಯಾಕ್ರಿಫೈಸ್ ಮಾಡುವವನಿಗೆ 6,000ದ ಮೇಲೆ 120 ಪೌಂಡ್ ಜಾಸ್ತಿ. ಪೆಟ್ಟು ದೊಡ್ಡದಾಗಿ ಬೀಳುವುದು ಕಂಪನಿಗೆ, ಅವರದು 15 ಪರ್ಸೆಂಟ್. ತಮಗೆ ಉಳಿದದ್ದರಲ್ಲಿ ಪಾಲು ಕೊಡುತ್ತಿದ್ದ ಕಂಪನಿಗಳು ಆಗ ಕೈ ಬಿಗಿ ಮಾಡಬಹುದು.

ಮಿಡ್‌ಲ್ಯಾಂಡ್ಸ್_ಮಲ್ಲಿಗೆ

ಎಲ್ಲರೂ ಏರಿಸಿ ಏರಿಸಿ ಅಂತೀರಿ, ನನ್ನ ಕಥೆಯನ್ನೂ ಕೇಳಿ. ಎರಡನೇ ಮಗು ಹೊಟ್ಟೆಯಲ್ಲಿದ್ದಾಗ ಮೊದಲ ಮಗುವಿನ ಬೆನಿಫಿಟ್ ಉಳಿಸೋಣ ಅಂತ ಸ್ಯಾಕ್ರಿಫೈಸ್ ಜೋರಾಗಿ ಏರಿಸಿದೆ. ಹೆರಿಗೆ ರಜೆಯ ಸಂಬಳದ ಮೊದಲ ಆರು ವಾರ ಸರಾಸರಿ ಸಂಬಳದ 90 ಪರ್ಸೆಂಟ್ ಕೊಡುತ್ತಾರೆ. ಯಾವ ಸರಾಸರಿ? ಹೆರಿಗೆಯ ವಾರಕ್ಕೆ ಹದಿನೈದು ವಾರ ಹಿಂದೆ ಹೋಗಿ, ಅಲ್ಲಿಗೆ ಮುಂಚಿನ ಎಂಟು ವಾರದ್ದು. ನಾನು ಏರಿಸಿದ್ದು ಸರಿಯಾಗಿ ಆ ಎರಡು ತಿಂಗಳು. ಸ್ಯಾಕ್ರಿಫೈಸ್ ಆದ ಮೇಲಿನ ಸಂಬಳದ ಮೇಲೆ ಲೆಕ್ಕ ಹಾಕಿದರು.

ಎಚ್‌ಆರ್‌ಗೆ ಫೋನ್ ಮಾಡಿದರೆ ಆ ಹುಡುಗಿ "ನೀವು ಕೇಳಲಿಲ್ಲವಲ್ಲ" ಅಂದಳು. ಆರು ತಿಂಗಳ ಬಸುರಿ ನಾನು, ಕೈಯಲ್ಲಿ ಹುಣಸೆಹಣ್ಣಿನ ಡಬ್ಬ, ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ದುಡ್ಡಿಗಿಂತ ಆ ಮಾತಿಗೆ. ಹೆಣ್ಣುಮಕ್ಕಳೇ, ಮಗು ಬೇಕು ಅಂತ ಯೋಚನೆ ಇದ್ದರೆ ಆ ಎಂಟು ವಾರ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ.

ಪುತ್ತೂರು_ಅಕ್ಕ

ಇದು ಯಾರೂ ಹೇಳದ ವಿಷಯ. ಮನೆ ಸಾಲಕ್ಕೂ ಹಾಗೇ. ಕೆಲವು ಬ್ಯಾಂಕಿನವರು ಸ್ಯಾಕ್ರಿಫೈಸ್ ಆದ ಮೇಲಿನ ಸಂಬಳ ನೋಡಿ ಸಾಲ ಕಡಿಮೆ ಕೊಡ್ತಾರೆ.

ಎಡಿನ್‌ಬರೋ_ಚಳಿ

ಇನ್ನೊಂದು ತಪ್ಪು ಹೇಳ್ತೀನಿ, ನನ್ನದೇ. ಮಗ ಹುಟ್ಟಿದಾಗ ನನ್ನ ಆದಾಯ ಮಿತಿ ದಾಟಿತ್ತು. ಹೇಗೂ ಪೂರ್ತಿ ವಾಪಸ್ ಹೋಗುತ್ತದೆ ಅಂತ ಕ್ಲೇಮೇ ಮಾಡಲಿಲ್ಲ. ಹೆಂಡತಿ ಮನೆಯಲ್ಲಿದ್ದಳು. ಕ್ಲೇಮ್ ಮಾಡಿ ದುಡ್ಡು ಬೇಡ ಅಂತ ಟಿಕ್ ಹಾಕಿದ್ದರೆ ಮಗುವಿಗೆ 12 ಆಗುವವರೆಗೆ ಅವಳಿಗೆ ನ್ಯಾಷನಲ್ ಇನ್ಶೂರೆನ್ಸ್ ಕ್ರೆಡಿಟ್ ಸಿಗುತ್ತಿತ್ತು. ಸ್ಟೇಟ್ ಪೆನ್ಷನ್‌ಗೆ ನ್ಯಾಷನಲ್ ಇನ್ಶೂರೆನ್ಸ್ ಲೆಕ್ಕದಲ್ಲಿ ಕನಿಷ್ಠ 10 ವರ್ಷ ಬೇಕು, ಪೂರ್ತಿ ಸಿಗೋಕೆ 35. ಆಮೇಲೆ ಕ್ಲೇಮ್ ಮಾಡಿದರೆ ಮೂರು ತಿಂಗಳು ಮಾತ್ರ ಹಿಂದಿನದು ಕೊಟ್ಟರು. ಈಗಲೂ ಮನೆಯಲ್ಲಿ ಜಗಳ ಬಂದರೆ ಕೊನೆಗೆ ಅದೇ ವಿಷಯಕ್ಕೆ ಬರುತ್ತದೆ.

ಹುಬ್ಬಳ್ಳಿ_ಮಂದಿ

ನಮ್ಮಾಕಿ ಹೆಸರ್ಲೆ ಕ್ಲೇಮ್ ಐತ್ರಿ. ಉಳಿದದ್ದಕ್ಕ ಬೈಸ್ಕೋತೀನಿ, ಇದಕ್ಕಿಲ್ಲ.

ತಿಪಟೂರು_ತೆಂಗು (ಮಾರ್ಚ್ 3)

ಅಪ್‌ಡೇಟ್. ಬೋನಸ್ ಪೂರ್ತಿ ಪೆನ್ಷನ್‌ಗೆ ಹಾಕಿ ಅಂತ ಎಚ್‌ಆರ್‌ಗೆ ಕೇಳಿದೆ. ಬೋನಸ್ ಲೆಟರ್ ಕೈಗೆ ಬಂದ ಮೇಲೆ ಆಗಲ್ಲ, ಜನವರಿಯಲ್ಲೇ ಫಾರ್ಮ್ ಕೊಡಬೇಕಿತ್ತು ಅಂದರು. ಮಾರ್ಚ್ ಪೇರೋಲ್ ಕೂಡ ಮುಚ್ಚಿದೆಯಂತೆ. ಈಗ ಏನು ದಾರಿ? ಏಪ್ರಿಲ್ 5ಕ್ಕೆ ಟ್ಯಾಕ್ಸ್ ವರ್ಷ ಮುಗಿಯುತ್ತದೆ, ಆಮೇಲೆ ಹಾಕಿ ಈ ವರ್ಷಕ್ಕೆ ತೋರಿಸಬಹುದಾ?

ಲೆಕ್ಕದ_ಮೇಷ್ಟ್ರು

ಪೆನ್ಷನ್‌ಗೆ ಹಾಗೆ ಹಿಂದಕ್ಕೆ ತಳ್ಳಲು ಬರುವುದಿಲ್ಲ. ಬೋನಸ್ ಹಕ್ಕಾಗುವ ಮುಂಚೆಯೇ ಬಿಟ್ಟುಕೊಡಬೇಕು ಅನ್ನುವುದೂ ನಿಜ, ಎಚ್‌ಆರ್ ತಪ್ಪು ಹೇಳಿಲ್ಲ. ಉಳಿದದ್ದು ಸಿಪ್.

60,000ಕ್ಕೆ ಇಳಿಯಬೇಕಾದರೆ 10,000 ಬೇಕು, ಅಂದರೆ ನೀವು 8,000 ಹಾಕಬೇಕು. ನಿಜ ಹೇಳಬೇಕೆಂದರೆ 60,199ಕ್ಕೆ ನಿಂತರೂ ಸಾಕು, 200 ತುಂಬದಿದ್ದರೆ ಬಿಟ್ಟುಬಿಡುತ್ತಾರೆ. ಅಷ್ಟು ಕೈಯಲ್ಲಿ ಇಲ್ಲದಿದ್ದರೆ ಆದಷ್ಟು ಹಾಕಿ. ಇದು ಎಲ್ಲ ಅಥವಾ ಏನೂ ಇಲ್ಲ ಅನ್ನುವ ಲೆಕ್ಕ ಅಲ್ಲ. ಹಾಕಿದಷ್ಟಕ್ಕೆ ಲಾಭ.

ಒಂದು ಎಚ್ಚರ. ಈ ವರ್ಷ ಏಪ್ರಿಲ್ 5 ಈಸ್ಟರ್ ಭಾನುವಾರ. 3ನೇ ತಾರೀಖು ಗುಡ್ ಫ್ರೈಡೇ. ಕೊನೆಯ ಕೆಲಸದ ದಿನ 2, ಗುರುವಾರ. ಕೊನೆ ಗಳಿಗೆಗೆ ಇಟ್ಟುಕೊಳ್ಳಬೇಡಿ.

ಸ್ಲೌ_ಶೆಟ್ರು

ದೇವಸ್ಥಾನಕ್ಕೆ ಕೊಟ್ಟದ್ದೂ ಕಳೀಬಹುದು ಅಂತ ಕೇಳಿದ್ದೇನೆ. ಹೌದಾ?

ಲೆಕ್ಕದ_ಮೇಷ್ಟ್ರು

ಗಿಫ್ಟ್ ಏಡ್ (ದಾನಕ್ಕೆ ಟ್ಯಾಕ್ಸ್ ರಿಯಾಯಿತಿ) ಫಾರ್ಮ್ ತುಂಬಿ, ಇಲ್ಲಿನ ಚಾರಿಟಿಗೆ ಕೊಟ್ಟಿದ್ದರೆ ಹೌದು. 100 ಕೊಟ್ಟರೆ 125 ಕಳೆಯಬಹುದು. ಅದನ್ನು ಮಾತ್ರ ಏಪ್ರಿಲ್ 5 ಆದ ಮೇಲೆ ಕೊಟ್ಟು, ರಿಟರ್ನ್ ಹಾಕುವಾಗ ಹಿಂದಿನ ವರ್ಷಕ್ಕೆ ತೋರಿಸಲು ಬರುತ್ತದೆ. ಹುಂಡಿಗೆ ಹಾಕಿದ ನೋಟು ಲೆಕ್ಕಕ್ಕಿಲ್ಲ.

ಸ್ಲೌ_ಶೆಟ್ರು

ಅಂದರೆ ಇಷ್ಟು ವರ್ಷ ಹುಂಡಿಗೆ ಹಾಕಿದ್ದು?

ಕಾಫಿಪುಡಿ

ಅದು ದೇವರ ಅಡ್ಜಸ್ಟೆಡ್ ನೆಟ್ ಇನ್‌ಕಮ್.

ಮಿಡ್‌ಲ್ಯಾಂಡ್ಸ್_ಮಲ್ಲಿಗೆ

😂😂

ಹುಬ್ಬಳ್ಳಿ_ಮಂದಿ

ಪೆನ್ಷನ್ ಪೆನ್ಷನ್ ಅಂತೀರಿ, 55 ಆಗೂತನಾ ಮುಟ್ಟಾಕ ಬರಂಗಿಲ್ಲ. 2028ರ ಏಪ್ರಿಲ್‌ನಿಂದ 57. ಐದು ವರ್ಷದಾಗ ಊರಿಗೆ ಹೋಗವ್ರಿಗೆ ಇದು ಬೇಕಾ? ಧಾರವಾಡದಾಗ ಮನೀ ಕಟ್ಟಿಸ್ಬೇಕಂದ್ರ ರೊಕ್ಕ ಇಲ್ಲಿ ಸಿಕ್ಕೊಂಡಿರ್ತದ.

ಪುತ್ತೂರು_ಅಕ್ಕ

ಅದೂ ಸರಿ. ನಾವು ಮನೆ ಕಟ್ಟುವ ಎರಡು ವರ್ಷ ಸುಮ್ನೆ ಚಾರ್ಜ್ ಕಟ್ಟಿದ್ದೇವೆ. ಸಿಮೆಂಟ್ ಅಂಗಡಿಯವನಿಗೆ ಪೆನ್ಷನ್ ಸ್ಟೇಟ್‌ಮೆಂಟ್ ತೋರಿಸಿದರೆ ಆಗ್ತದಾ?

ಥಿಯೇಟರ್_ಸಿಸ್ಟರ್

ಚಾರ್ಜ್ ಕಟ್ಟುವುದು ಹೇಗೆ? ಸೆಲ್ಫ್ ಅಸೆಸ್‌ಮೆಂಟ್, ನಾವೇ ಟ್ಯಾಕ್ಸ್ ರಿಟರ್ನ್ ತುಂಬುವುದು, ಅಂದರೆ ನನಗೆ ಕೈಕಾಲು ನಡುಗುತ್ತದೆ.

ಎಡಿನ್‌ಬರೋ_ಚಳಿ

ಹೋದ ವರ್ಷದಿಂದ ಸಂಬಳದಲ್ಲೇ, ಟ್ಯಾಕ್ಸ್ ಕೋಡ್ ಮೂಲಕ ಕಟ್ಟಬಹುದು. ರಿಟರ್ನ್ ಹಾಕೋಕೆ ಬೇರೆ ಕಾರಣ ಇಲ್ಲದವರಿಗೆ ಮಾತ್ರ. ತೆಂಗು ಅವರಿಗೆ ಎನ್‌ಆರ್‌ಇ ಬಡ್ಡಿ ಇದೆ, ಅವರು ರಿಟರ್ನ್ ಹಾಕಲೇಬೇಕು. ಅಕ್ಟೋಬರ್ 5ರೊಳಗೆ ರಿಜಿಸ್ಟರ್, ಜನವರಿ 31ರೊಳಗೆ ದುಡ್ಡು.

ತಿಪಟೂರು_ತೆಂಗು (ಏಪ್ರಿಲ್ 8)

ಆಯಿತು. ಮಾರ್ಚ್ 27ಕ್ಕೆ ಸಿಪ್‌ಗೆ 4,000 ಹಾಕಿದೆ, 5,000 ಅಂತ ಲೆಕ್ಕ. ಆದಾಯ 65,000ಕ್ಕೆ ಇಳಿಯಿತು. ಚಾರ್ಜ್ 25 ಪರ್ಸೆಂಟ್, 562 ಪೌಂಡ್. 8,000 ಹಾಕೋಣ ಅಂದೆ. ಜುಲೈಗೆ ನಾಲ್ಕು ಜನರ ಟಿಕೆಟ್ ಯಾರು ಕೊಡ್ತಾರೆ ಅಂತ ಹೆಂಡತಿ ಕೇಳಿದಳು. ಮಾತಾಡಲಿಲ್ಲ.

ಮುಂದಿನ ವರ್ಷಕ್ಕೆ ಸ್ಯಾಕ್ರಿಫೈಸ್ 12 ಪರ್ಸೆಂಟ್‌ಗೆ ಏರಿಸುವ ಫಾರ್ಮ್ ಕೊಟ್ಟೆ. ಬೋನಸ್ ಫಾರ್ಮ್ ಜನವರಿಗೆ ಅಂತ ಫೋನಿನಲ್ಲಿ ರಿಮೈಂಡರ್ ಇಟ್ಟಿದ್ದೇನೆ.

ಲೆಕ್ಕದ_ಮೇಷ್ಟ್ರು

ಸಿಪ್‌ಗೆ ಹಾಕಿದ್ದನ್ನು ರಿಟರ್ನ್‌ನಲ್ಲಿ ತೋರಿಸಿ, 40 ಪರ್ಸೆಂಟ್‌ನವರಿಗೆ ಇನ್ನೊಂದು 1,000 ಪೌಂಡ್ ರಿಯಾಯಿತಿ ಇದೆ. ಟಿಕೆಟ್‌ಗೆ ಆಗುತ್ತದೆ.

ತಿಪಟೂರು_ತೆಂಗು

ಮೇಷ್ಟ್ರೇ, ಇದನ್ನು ಮೊದಲೇ ಹೇಳಿದ್ದರೆ ಮನೆಯಲ್ಲಿ ನನ್ನ ಮಾತು ನಡೀತಿತ್ತಲ್ಲ!

ಹೊಸಬ_2025

ಸರ್, ಬಂದು ನಾಲ್ಕು ವರ್ಷದೊಳಗಿನವರಿಗೆ ಬೇರೆ ವ್ಯವಸ್ಥೆ ಅಂದಿರಲ್ಲ, ನನ್ನ ಎಫ್‌ಡಿಗೂ ಅದು ಬರುತ್ತಾ?

ಲೆಕ್ಕದ_ಮೇಷ್ಟ್ರು

ಅದು ದೊಡ್ಡ ಕಥೆ. ಬೇರೆ ಪೋಸ್ಟ್ ಹಾಕಿ, ಅಲ್ಲಿ ಮಾತಾಡೋಣ.